ಜೂನ್‌ನಲ್ಲಿ ಕರಗುವ ಗೋಡೆ

ಬೆಳಗಿನ ಒಂಬತ್ತು ಕಳೆದಿದೆ. ನವೆಂಬರ್ ತಿಂಗಳ ಸೂರ್ಯ ಇನ್ನೂ ಎದ್ದಿಲ್ಲ. ಹಿನ್ನೀರಿನ ಆಚೆಯ ಬೆಟ್ಟಸಾಲಿನ ಮೇಲೆ ಕಿತ್ತಳೆ ಬಣ್ಣದ ಒಂದು ಗೆರೆ ಮಾತ್ರ ಮೂಡಿದೆ. ನುವುರಾಕ್ ಊರಿನ ಕಡಲ ದಂಡೆಯಲ್ಲಿ ಹೆಸ್ಟರ್ ನಾಶಾಲುಕ್ ಬುಲ್ಡೋಜರ್ ನಿಲ್ಲಿಸಿ ಕೆಳಗಿಳಿಯುತ್ತಾರೆ. ಬಲಗೈಯ ಗವಸು ಕಳಚಿ, ಎದುರಿನ ಮರಳಿನ ರಾಶಿಯಿಂದ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚುತ್ತಾರೆ. ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಂಡು ಪಕ್ಕಕ್ಕೆ ಉಗಿಯುತ್ತಾರೆ.

“ಸಪ್ಪೆ ಇದೆ. ಕಚ್ಕೊಳ್ಳುತ್ತೆ,” ಎಂದು ಮತ್ತೆ ಯಂತ್ರ ಹತ್ತುತ್ತಾರೆ.

ಉಪ್ಪು ಸೇರಿದ ಮರಳು ಬೇಗ ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ಹೆಸ್ಟರ್ ಕಡಲ ಕಡೆಯ ಮರಳನ್ನು ಮುಟ್ಟುವುದಿಲ್ಲ. ಬೇಸಿಗೆಯಲ್ಲೇ ಹಿನ್ನೀರಿನ ಕಡೆಯಿಂದ ಮರಳು ತಂದು ಊರ ತುದಿಯಲ್ಲಿ ಗುಡ್ಡೆ ಹಾಕಿಡುತ್ತಾರೆ. ಎರಡು ತಿಂಗಳ ಮಳೆ ಬಿದ್ದು ಉಪ್ಪೆಲ್ಲ ತೊಳೆದುಹೋಗುತ್ತದೆ. ಚಳಿ ಶುರುವಾದ ಮೇಲೆ ಗುಡ್ಡೆಯೇ ಕಲ್ಲಾಗದಂತೆ ದಿನಕ್ಕೊಮ್ಮೆ ಅದನ್ನು ಕೆದಕಿ ಮಗುಚಬೇಕು. ಅಕ್ಟೋಬರ್ ಹೊತ್ತಿಗೆ ಅದು ಒಣ ಹಿಟ್ಟಿನ ಹಾಗೆ ಸಿದ್ಧವಾಗಿರುತ್ತದೆ. ಆಮೇಲೆ ಕಡಲು ಗಂಜಿ ಕಾಯಿಸುವವರೆಗೆ ಕಾಯುವುದು.

ಗಂಜಿ ಎಂದರೆ ಅಕ್ಕಿಯದಲ್ಲ. ಚಳಿಗೆ ಕಡಲಿನ ಮೈ ಹೆಪ್ಪುಗಟ್ಟಲು ಹೊರಡುತ್ತದೆ, ಅಲೆ ಅದನ್ನು ಬಿಡುವುದಿಲ್ಲ. ಎರಡರ ಜಗಳದಲ್ಲಿ ಐಸು ಚೂರುಚೂರಾಗಿ ನೀರಿನೊಂದಿಗೆ ಕಲೆತು ಬೂದು ಬಣ್ಣದ ಗಂಜಿಯಾಗುತ್ತದೆ. ಈ ದಿನಗಳಲ್ಲಿ ಇಲ್ಲಿ ಅಲೆ ಮೊರೆಯುವುದಿಲ್ಲ. ಒದ್ದೆ ಕಂಬಳಿ ಎತ್ತಿ ಒಗೆದ ಹಾಗೆ ಧೊಪ್ಪೆಂದು ದಂಡೆಗೆ ಬೀಳುತ್ತದೆ, ಬಿದ್ದಲ್ಲೇ ಒಂದಿಷ್ಟು ಗಂಜಿ ಬಿಟ್ಟು ಹಿಂದೆ ಸರಿಯುತ್ತದೆ. ಹೆಸ್ಟರ್ ಆ ಗಂಜಿಯನ್ನು ಬುಲ್ಡೋಜರ್‌ನ ಅಲಗಿನಿಂದ ಮೇಲಕ್ಕೆ ತಳ್ಳಿ ಹರಡುತ್ತಾರೆ. ಅದರ ಮೇಲೆ ಅಂಗೈ ದಪ್ಪ ಮರಳು. ಅದು ಗಟ್ಟಿಯಾದ ಮೇಲೆ ಮತ್ತೆ ಗಂಜಿ, ಮತ್ತೆ ಮರಳು. ಹೀಗೆ ಪದರದ ಮೇಲೆ ಪದರ ಬಿದ್ದು, ನವೆಂಬರ್ ನಡುವಿನ ಹೊತ್ತಿಗೆ ಒಂದೂವರೆ ಆಳೆತ್ತರದ ಗೋಡೆ ಏಳುತ್ತದೆ. ಊರಿನವರು ಅದನ್ನು ಕಾಯ್ಮು ಎನ್ನುತ್ತಾರೆ.

ಹಿಂದೆ ಇದನ್ನು ಯಾರೂ ಕಟ್ಟುತ್ತಿರಲಿಲ್ಲ. ಪ್ರತಿ ಶರತ್ಕಾಲದಲ್ಲೂ ಕಡಲೇ ಗಂಜಿಯನ್ನೂ ಮರಳನ್ನೂ ದಂಡೆಗೆ ಎಸೆದು ತನಗೆ ತಾನೇ ಅಡ್ಡಗೋಡೆ ಕಟ್ಟಿಕೊಳ್ಳುತ್ತಿತ್ತು. ಅದು ಸಾಲದ ಕಡೆ ಹೆಂಗಸರು ಸಲಿಕೆ ಹಿಡಿದು ತೇಪೆ ಹಾಕುತ್ತಿದ್ದರು, ಅಷ್ಟೆ. ಈಗ ಕಡಲು ತಡವಾಗಿ ಹೆಪ್ಪುಗಟ್ಟುತ್ತದೆ, ಬಿರುಗಾಳಿ ಅದಕ್ಕಿಂತ ಮೊದಲೇ ಬಂದುಬಿಡುತ್ತದೆ. ಕಡಲು ಅರ್ಧ ಕಟ್ಟಿ ಬಿಟ್ಟ ಗೋಡೆಯನ್ನು ಯಾರಾದರೂ ಮುಗಿಸಬೇಕು. ಹದಿನೈದು ವರ್ಷಗಳಿಂದ ಆ ‘ಯಾರಾದರೂ’ ಹೆಸ್ಟರ್.

ನುವುರಾಕ್ ಅಲಾಸ್ಕಾದ ವಾಯವ್ಯ ಅಂಚಿನಲ್ಲಿರುವ ಒಂದು ಮರಳಿನ ಪಟ್ಟಿ. ಒಂದು ಕಡೆ ಚುಕ್ಚಿ ಸಮುದ್ರ, ಇನ್ನೊಂದು ಕಡೆ ಹಿನ್ನೀರು. ನಡುವೆ ನಾನೂರು ಜನ, ಒಂದು ಶಾಲೆ, ಒಂದು ಇಗರ್ಜಿ, ಒಂದು ಅಂಗಡಿ, ಸಣ್ಣ ವಿಮಾನ ಇಳಿಯುವ ಪಟ್ಟಿ. ಶಾಲೆಯ ಮುಂದೆ ಸರ್ಕಾರ ಬಂಡೆಗಲ್ಲಿನ ಗೋಡೆ ಕಟ್ಟಿಸಿದೆ. ಅದು ಗಟ್ಟಿಯಾಗಿಯೇ ನಿಂತಿದೆ. ಆದರೆ ಮರಳಿನ ಊರಿನಲ್ಲಿ ಕಲ್ಲು ಸಿಗುವುದಿಲ್ಲ. ಬೇಸಿಗೆಯಲ್ಲಿ ದೂರದಿಂದ ಹಡಗಿನಲ್ಲಿ ತರಬೇಕು. ದಕ್ಷಿಣದ ತುದಿಗೆ ಬರುವಷ್ಟರಲ್ಲಿ ಕಲ್ಲು ಮುಗಿಯಿತು. ಆ ತುದಿಯ ಮೂವತ್ತು ಮನೆಗಳಿಗೆ, ಅವುಗಳ ಪಕ್ಕದ ನೆಲದಡಿಯ ಮಾಂಸದ ಕಣಜಗಳಿಗೆ, ಸ್ಮಶಾನಕ್ಕೆ ಹೆಸ್ಟರ್ ಅವರ ಕಾಯ್ಮುವೇ ಗತಿ.

ಲೆಕ್ಕಕ್ಕೆ ಅವರ ಉದ್ಯೋಗ ವಿಮಾನದ ಪಟ್ಟಿಯ ಮೇಲಿನ ಹಿಮ ತೆಗೆಯುವುದು. ಗೋಡೆಯ ಕೆಲಸ ಅದಕ್ಕೆ ಮೊದಲು ಮತ್ತು ಅದರ ನಂತರ. ಬುಲ್ಡೋಜರ್‌ನ ಹೀಟರ್ ಕೆಟ್ಟು ಎರಡು ಚಳಿಗಾಲವಾಯಿತು. ಹೆಸ್ಟರ್ ಸೀಟಿನ ಕೆಳಗೆ ಬಿಸಿನೀರಿನ ಬಾಟಲಿ ಇಟ್ಟುಕೊಳ್ಳುತ್ತಾರೆ. ಮಧ್ಯಾಹ್ನ ಅದೇ ನೀರಿಗೆ ಟೀ ಪುಡಿ ಹಾಕಿ ಕುಡಿಯುತ್ತಾರೆ. ಊಟಕ್ಕೆ ಹೆಪ್ಪುಗಟ್ಟಿದ ಹಸಿ ಮೀನಿನ ಚೂರು, ಅದ್ದಿಕೊಳ್ಳಲು ಒಂದು ಡಬ್ಬಿ ಸೀಲ್ ಪ್ರಾಣಿಯ ಕೊಬ್ಬಿನ ಎಣ್ಣೆ. “ಮೀನು ಕರಗಿಸೋದು ಬೇಡ, ಎಣ್ಣೆ ಗಟ್ಟಿ ಆಗಲ್ಲ. ಈ ಯಂತ್ರದಲ್ಲಿ ನನ್ನ ಬಿಟ್ರೆ ಎಲ್ರೂ ಆರಾಮಾಗಿದಾರೆ,” ಎಂದು ನಗುತ್ತಾರೆ.

ಅವರಿಗೆ ಐವತ್ತೆಂಟು ವರ್ಷ. ಗಂಡ ತೀರಿಕೊಂಡಿದ್ದಾರೆ, ಇಬ್ಬರು ಹೆಣ್ಣುಮಕ್ಕಳು ಇದೇ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಗೋಡೆಯ ಕೆಲಸ ಕಲಿತದ್ದು ಅಜ್ಜಿಯಿಂದ, ಯಂತ್ರ ಓಡಿಸುವುದನ್ನು ಕಲಿತದ್ದು ಗಂಡನಿಂದ. “ಅಜ್ಜಿ ಸಲಿಕೇಲಿ ಮಾಡಿದ್ದನ್ನ ನಾನು ಡೀಸೆಲ್‌ನಲ್ಲಿ ಮಾಡ್ತೀನಿ. ಬೈಗುಳ ಮಾತ್ರ ಅವಳದೇ,” ಎನ್ನುವಾಗ ಅವರ ಮುಖದಲ್ಲಿ ಅಜ್ಜಿಯ ಬಗ್ಗೆ ಇನ್ನೂ ಸ್ವಲ್ಪ ಹೆದರಿಕೆ ಇದೆ.

ಹತ್ತಿರದ ಮನೆಯ ಬಾಗಿಲು ತೆರೆಯುತ್ತದೆ. ಎಂಬತ್ತೊಂದು ವರ್ಷದ ಎಲೈಜಾ ಕಿಯಾನಾಕ್ ಹೊಸ್ತಿಲಲ್ಲಿ ನಿಂತು ಕೂಗುತ್ತಾರೆ. “ಅಣ್ಣಾ! ನಿನ್ನ ಯಂತ್ರಕ್ಕೆ ನನ್ನ ಕಿಟಕಿ ನಡುಗ್ತಿದೆ.”

“ನಡುಗೋದು ನಿನ್ನ ಗೊರಕೆಗೆ,” ಎನ್ನುತ್ತಾರೆ ಹೆಸ್ಟರ್.

“ಮೊದಲು ನೀನು ಇಷ್ಟು ಬಾಯಿ ಮಾಡ್ತಿರ್ಲಿಲ್ಲಪ್ಪ.”

ಎಲೈಜಾ ತಮಾಷೆಗೆ ಅಣ್ಣ ಎನ್ನುತ್ತಿಲ್ಲ. ಹೆಸ್ಟರ್ ಹುಟ್ಟುವುದಕ್ಕೆ ಕೆಲವೇ ತಿಂಗಳ ಮೊದಲು ಎಲೈಜಾ ಅವರ ಅಣ್ಣ ಸಿಕ್ವಾನ್ ಜ್ವರ ಬಂದು ತೀರಿಕೊಂಡಿದ್ದರು. ಹೆಸ್ಟರ್ ಎಂಬುದರ ಜೊತೆಗೆ ಅವರ ಹೆಸರನ್ನೂ ಮಗುವಿಗೆ ಇಟ್ಟರು. ಇಲ್ಲಿ ಹೆಸರು ಬಂದರೆ ನಂಟೂ ಜೊತೆಗೇ ಬರುತ್ತದೆ. ಹೆಸ್ಟರ್ ತೊಟ್ಟಿಲಲ್ಲಿದ್ದಾಗಲೇ ಎಲೈಜಾ ಅವರನ್ನು ಅಣ್ಣ ಎಂದರು. ಬೇಟೆಯಲ್ಲಿ ಸಿಕ್ಕಿದ್ದರಲ್ಲಿ ಅಣ್ಣನ ಪಾಲು ಎಂದು ಮೊದಲ ತುಂಡನ್ನು ತೊಟ್ಟಿಲ ಬಳಿ ತಂದಿಟ್ಟರು. ಹೆಸ್ಟರ್ ಅವರಿಗೂ ಎಲೈಜಾ ತಮ್ಮನೇ. ಮಫ್ಲರ್ ಕಟ್ಟಿಕೊಳ್ಳದೆ ಹೊರಗೆ ಬಂದರೆ ಗದರಿಸುತ್ತಾರೆ, ಅವರು ಸುಮ್ಮನೆ ಒಳಗೆ ಹೋಗಿ ಕಟ್ಟಿಕೊಂಡು ಬರುತ್ತಾರೆ.

ಈ ಅಣ್ಣ ತಮ್ಮಂದಿರ ನಡುವೆ ಒಂದು ಹಳೆಯ ಸಂಗತಿ ಇದೆ. ಹೆಸ್ಟರ್ ಅದನ್ನು ಮುಚ್ಚಿಡುವುದಿಲ್ಲ. ಆರು ವರ್ಷಗಳ ಹಿಂದೆ ಬಿರುಗಾಳಿ ಬರುತ್ತಿದೆ ಎಂದು ಆತುರದಲ್ಲಿ ಗಂಜಿಯ ಮೇಲೆ ಮೊಣಕಾಲೆತ್ತರ ಮರಳು ತಳ್ಳಿದರು. ನೋಡುವುದಕ್ಕೆ ಗೋಡೆ ಭರ್ಜರಿಯಾಗಿತ್ತು. “ಮರಳು ಜಾಸ್ತಿ ಇದ್ರೆ ಭದ್ರ ಅಂದ್ಕೊಂಡೆ. ಹೊದಿಕೆ ದಪ್ಪ ಆದ್ರೆ ಒಳಗೆ ಬೆಚ್ಚಗಾಗುತ್ತೆ ಅನ್ನೋದು ಮರ್ತೇಹೋಯ್ತು. ಚಳಿ ಒಳಗೆ ಇಳೀಲೇ ಇಲ್ಲ. ಮೇಲೆ ಮರಳು, ಒಳಗೆ ಹಾಗೇ ಗಂಜಿ. ಮೂರನೇ ಅಲೆಗೆ ಕೂತ್ಕೊಂಡುಬಿಡ್ತು.” ಕಡಲ ನೀರು ಎಲೈಜಾ ಅವರ ಕಣಜಕ್ಕೆ ನುಗ್ಗಿ, ಆ ಚಳಿಗಾಲಕ್ಕೆಂದು ಇಟ್ಟ ಸೀಲ್ ಮಾಂಸ, ಮೀನು, ತಿಮಿಂಗಿಲದ ಪಾಲು ಎಲ್ಲ ಹಾಳಾಯಿತು. ಊರಿನವರು ಮನೆಗಿಷ್ಟು ಎಂದು ತಂದು ಹಾಕಿ ಕಣಜ ಮತ್ತೆ ತುಂಬಿಸಿದರು.

ಎಲೈಜಾ ಬೈದರೇ ಎಂದು ಕೇಳಿದರೆ, ಉತ್ತರ ಎಲೈಜಾ ಅವರಿಂದಲೇ ಬರುತ್ತದೆ. “ಅಣ್ಣ ತಪ್ಪು ಮಾಡಿದ್ರೆ ತಮ್ಮ ಬೈಯೋಕಾಗುತ್ತಾ? ಅದಕ್ಕೆ ಅವಳ ಅಜ್ಜಿ ಇರಬೇಕಿತ್ತು.”

ಅಂದಿನಿಂದ ಹೆಸ್ಟರ್ ಅಂಗೈ ದಪ್ಪವನ್ನು ಮೀರಿಲ್ಲ. ಪ್ರತಿ ಪದರವನ್ನೂ ಹಿಮ್ಮಡಿಯಿಂದ ಒದ್ದು ಸದ್ದು ಕೇಳುತ್ತಾರೆ. ಟಣ್ ಎಂದರೆ ಮುಂದಿನ ಪದರ. ಬುಸ್ ಎಂದರೆ ಕಾಯುವುದು.

ಬೆಳಗಿನ ಹತ್ತು ಗಂಟೆಯ ಸುಮಾರಿಗೆ, ದಂಡೆಯ ಮೇಲೆ ಮೊದಲ ಬಿಸಿಲು ಬಿದ್ದಾಗ, ಬುಲ್ಡೋಜರ್‌ನೊಳಗಿನ ರೇಡಿಯೊ ಗರಗರ ಎನ್ನುತ್ತದೆ. ಈ ಊರಿನಲ್ಲಿ ಎಲ್ಲರ ಅಡುಗೆಮನೆಯಲ್ಲೂ ಒಂದು ರೇಡಿಯೊ ಸದಾ ತೆರೆದಿರುತ್ತದೆ. ಒಬ್ಬರು ಮಾತಾಡಿದರೆ ಊರೇ ಕೇಳಿಸಿಕೊಳ್ಳುತ್ತದೆ. ಸುದ್ದಿ ಒಳ್ಳೆಯದಲ್ಲ. ನಾಳಿದ್ದು ಬರಬೇಕಿದ್ದ ನೈಋತ್ಯದ ಬಿರುಗಾಳಿ ದಾರಿ ಬದಲಿಸಿದೆ. ಇವತ್ತು ಸಂಜೆಯೇ ಬರುತ್ತದೆ.

ಹೆಸ್ಟರ್ ಎಂಜಿನ್ ನಿಲ್ಲಿಸಿ ಗೋಡೆಯ ಕಡೆ ನೋಡುತ್ತಾರೆ. ಗೋಡೆ ಹೆಚ್ಚುಕಡಿಮೆ ಮುಗಿದಿದೆ, ಒಂದು ಕಡೆ ಬಿಟ್ಟು. ಎಲೈಜಾ ಅವರ ಮನೆಯ ನೇರಕ್ಕೆ, ಎರಡು ದೋಣಿ ಅಗಲದ ಒಂದು ಕಂಡಿ ಇದೆ. ಬೇಟೆಗೆ ಹೋದ ದೋಣಿಗಳನ್ನು ಎಳೆದು ತರುವ ದಾರಿ ಅದು. ಊರಿನವರ ಬಾಯಲ್ಲಿ ಅದು ‘ಬಾಗಿಲು’. ಕಡಲು ಪೂರ್ತಿ ಹೆಪ್ಪುಗಟ್ಟುವ ಮೊದಲು ಕೊನೆಯ ದೋಣಿ ಒಳಗೆ ಬಂದ ಮೇಲೆಯೇ ಬಾಗಿಲು ಮುಚ್ಚುವುದು ರೂಢಿ. ದೋಣಿ ಹೊರಗಿರುವಾಗ ಯಾರೂ ಬಾಗಿಲು ಮುಚ್ಚುವುದಿಲ್ಲ. ಮುಚ್ಚಿದರೆ, ಹೋದವರು ಬರುತ್ತಾರೆಂಬ ಆಸೆ ಬಿಟ್ಟೆವು ಎಂದರ್ಥ.

ಇವತ್ತು ಒಂದು ದೋಣಿ ಹೊರಗಿದೆ. ಹೆಸ್ಟರ್ ಅವರ ಅಕ್ಕನ ಮಗ ವೆಂಡೆಲ್, ಜೊತೆಗೆ ಇಬ್ಬರು ಗೆಳೆಯರು. ಭೂಶಿರದ ಆಚೆ ಗಡ್ಡದ ಸೀಲ್‌ಗಳು ಕಂಡಿವೆ ಎಂದು, ಮುನ್ಸೂಚನೆ ಬದಲಾಗುವ ಮೊದಲೇ, ಇನ್ನೂ ಕತ್ತಲಿರುವಾಗಲೇ ಹೊರಟಿದ್ದಾರೆ. ಭೂಶಿರ ದಾಟಿದ ಮೇಲೆ ಅವರ ಕೈರೇಡಿಯೊ ಊರಿಗೆ ಸಿಗುವುದಿಲ್ಲ. ಹಿಂತಿರುಗಲು ಹಿನ್ನೀರಿನ ದಾರಿಯೂ ಇಲ್ಲ. ಅಲ್ಲಿ ತೆಳುವಾಗಿ ಐಸು ಕಟ್ಟಿದೆ. ದೋಣಿ ಹೋಗುವುದಿಲ್ಲ, ಕಾಲಿಟ್ಟರೆ ತಡೆಯುವುದಿಲ್ಲ.

ದೋಣಿ ಬರುವ ತನಕ ಕಾಯಬಹುದಲ್ಲ ಎಂದು ಕೇಳಿದರೆ ಹೆಸ್ಟರ್ ತಲೆಯಲ್ಲಾಡಿಸುತ್ತಾರೆ. “ನೈಋತ್ಯದ ಗಾಳಿ ಬರೀ ಕೈಯಲ್ಲಿ ಬರಲ್ಲ, ಬಿಸಿ ಹೊತ್ಕೊಂಡು ಬರುತ್ತೆ. ಈಗ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿದೆ. ಸಂಜೆಗೆ ಎರಡೋ ಮೂರೋ. ಆಗ ಗಂಜಿ ತುಂಬಿದ್ರೆ ಅದು ಗಂಜಿಯಾಗೇ ಇರುತ್ತೆ. ಈಗ ತುಂಬಿದ್ರೆ ಮಾತ್ರ ಕಲ್ಲಾಗೋದು.”

ಅಂದರೆ, ದೋಣಿ ಬರುವ ಹೊತ್ತಿಗೆ ಬಾಗಿಲು ಮುಚ್ಚಲಾಗುವುದಿಲ್ಲ. ಬಾಗಿಲು ಮುಚ್ಚಬಹುದಾದ ಹೊತ್ತಿನಲ್ಲಿ ದೋಣಿ ಬಂದಿರುವುದಿಲ್ಲ.

ಹೆಸ್ಟರ್ ರೇಡಿಯೊ ಕೈಗೆತ್ತಿಕೊಳ್ಳುತ್ತಾರೆ. “ನಾನು ಹೆಸ್ಟರ್. ಬಾಗಿಲು ಮುಚ್ತಾ ಇದೀನಿ.”

ಊರಿನ ಯಾವುದೋ ಅಡುಗೆಮನೆಯಿಂದ ಒಂದು ವಯಸ್ಸಾದ ದನಿ ಬರುತ್ತದೆ. “ದೋಣಿ ಹೊರಗಿದೆ, ಹೆಸ್ಟರ್.”

“ಗೊತ್ತು.”

“ನಿನ್ನ ಅಕ್ಕನ ಮಗನದೇ.”

“ಅದೂ ಗೊತ್ತು.”

“ಗೊತ್ತಿದ್ದೂ ಮುಚ್ತೀಯಾ?”

ಹೆಸ್ಟರ್ ರೇಡಿಯೊ ಕೊಕ್ಕೆಗೆ ಸಿಗಿಸಿ ಎಂಜಿನ್ ಶುರು ಮಾಡುತ್ತಾರೆ. ಮೊದಲ ಅಲಗು ಗಂಜಿ ಕಂಡಿಗೆ ಬಿದ್ದಾಗ ದಕ್ಷಿಣ ತುದಿಯ ಕಿಟಕಿಗಳಲ್ಲಿ ಮುಖಗಳು ಕಾಣುತ್ತವೆ. ಯಾರೂ ಹೊರಗೆ ಬರುವುದಿಲ್ಲ.

ಬಂದದ್ದು ವೆಂಡೆಲ್‌ನ ಹೆಂಡತಿ ಐಡಾ. ನಾಲ್ಕು ಚಕ್ರದ ಬೈಕನ್ನು ಗೋಡೆಯ ಬುಡದಲ್ಲೇ ನಿಲ್ಲಿಸಿ, ಬುಲ್ಡೋಜರ್‌ನ ಮುಂದೆ ಬಂದು ನಿಲ್ಲುತ್ತಾಳೆ. ಹೆಸ್ಟರ್ ಇಳಿದು ಬರುತ್ತಾರೆ.

“ಚಿಕ್ಕಮ್ಮ, ಅವ್ರು ಎಲ್ಲಿ ಹತ್ತಬೇಕು?”

“ಇಲ್ಲೇ. ಮೇಲಿಂದ.”

“ಗೋಡೆ ಮೇಲಿಂದಾನಾ?”

“ಬಾಗಿಲು ಇಲ್ಲ ಅಂದ್ರೆ ಇಳಿಜಾರು ಮಾಡ್ಬೇಕು. ಕಡಲ ಕಡೆ ಉದ್ದಕ್ಕೆ ಜಾರು ಬಿಡ್ತೀನಿ, ಮೇಲೆ ಸಿಹಿನೀರು ಹುಯ್ದ್ರೆ ಗಾಜಿನ ಥರ ಆಗುತ್ತೆ. ನಾನು ಈಚೆ ಕಡೆ ಯಂತ್ರ ನಿಲ್ಲಿಸ್ಕೊಂಡು ಉಕ್ಕಿನ ಹಗ್ಗ ಬಿಡ್ತೀನಿ. ಕೊಕ್ಕೆ ಸಿಗಿಸಿದ್ರೆ ದೋಣಿ ಎಳ್ಕೊತೀನಿ.”

“ಹಿಂದೆ ಯಾವತ್ತಾದ್ರೂ ಹೀಗೆ ಎಳೆದಿದೀರಾ?”

“ಇಲ್ಲ.”

ಐಡಾಳ ಕಣ್ಣುಗಳು ತುಂಬುತ್ತವೆ. ಹೆಸ್ಟರ್ ಅವಳ ಭುಜ ಹಿಡಿದು ಒಂದು ಪಕ್ಕಕ್ಕೆ ಸರಿಸುತ್ತಾರೆ. “ಅಳೋದಾದ್ರೆ ಮನೇಲಿ ಅಳು. ನನ್ನ ಗೋಡೆಗೆ ಉಪ್ಪು ಬೇಡ.”

ಐಡಾಗೆ ನಗು ಬಂದುಬಿಡುತ್ತದೆ, ಅಳುವಿನ ನಡುವೆಯೇ. ಮೂಗು ಒರೆಸಿಕೊಂಡು ಬೈಕಿನ ಹಿಂದಿನಿಂದ ಸಲಿಕೆ ತೆಗೆಯುತ್ತಾಳೆ. ಸ್ವಲ್ಪ ಹೊತ್ತಿಗೆ ಊರಿನ ನೀರಿನ ಟ್ಯಾಂಕಿನಿಂದ ಪೀಪಾಯಿಗಳನ್ನು ತರಲು ಹೋಗುತ್ತಾಳೆ. ಅವಳೇ ಹೊರಟಿದ್ದು ನೋಡಿದ ಮೇಲೆ ಮನೆಗಳಿಂದ ಒಬ್ಬೊಬ್ಬರೇ ಸಲಿಕೆ ಹಿಡಿದು ಬರುತ್ತಾರೆ. ಒಂದು ಪದರ ಗಂಜಿ, ಅಂಗೈ ದಪ್ಪ ಮರಳು. ಹೆಸ್ಟರ್ ಪ್ರತಿ ಸಲವೂ ಇಳಿದು ಹಿಮ್ಮಡಿಯಿಂದ ಒದೆಯುತ್ತಾರೆ. ಅವಸರ ಎಷ್ಟೇ ಇರಲಿ, ಬುಸ್ ಎಂದರೆ ಎಲ್ಲರೂ ಸಲಿಕೆ ಊರಿ ಕಾಯುತ್ತಾರೆ. ಆ ಕಾಯುವುದೇ ಇವತ್ತಿನ ದೊಡ್ಡ ಕಷ್ಟ.

ಮಧ್ಯಾಹ್ನ ಎರಡರ ಹೊತ್ತಿಗೆ ಕಂಡಿ ಮುಚ್ಚಿದೆ. ಕಡಲ ಕಡೆ ಉದ್ದನೆಯ ಇಳಿಜಾರು ಹೊಳೆಯುತ್ತಿದೆ. ಉಕ್ಕಿನ ಹಗ್ಗ ಗೋಡೆಯನ್ನು ಕೊರೆಯದಂತೆ ನೆತ್ತಿಯ ಮೇಲೆ ಅಡ್ಡಲಾಗಿ, ಕಡಲು ತಂದು ಹಾಕಿದ್ದ ಒಂದು ಮರದ ದಿಮ್ಮಿ ಇಟ್ಟಿದ್ದಾರೆ. ಗಾಳಿ ತಿರುಗಿದೆ. ಮುಖಕ್ಕೆ ತಾಗುವ ಚಳಿಯಲ್ಲಿ ಮೊನಚಿಲ್ಲ. ಅದೇ ಕೆಟ್ಟ ಲಕ್ಷಣ.

ಆಗ ಎಲೈಜಾ ಹೊರಗೆ ಬರುತ್ತಾರೆ. ತುಪ್ಪಳದ ಅಂಗಿ, ಮಫ್ಲರ್, ಒಂದು ಕೈಯಲ್ಲಿ ಮಡಚುವ ಕುರ್ಚಿ, ಇನ್ನೊಂದರಲ್ಲಿ ದೊಡ್ಡ ಬ್ಯಾಟರಿ ದೀಪ. ಇಬ್ಬರು ಹಿಡಿದುಕೊಂಡು ಅವರನ್ನು ಗೋಡೆಯ ನೆತ್ತಿಗೆ ಹತ್ತಿಸುತ್ತಾರೆ. ಬಾಗಿಲು ಇದ್ದ ಕಡೆ ಕುರ್ಚಿ ಹಾಕಿ, ದೀಪವನ್ನು ಕಡಲಿನ ಕಡೆಗೆ ತಿರುಗಿಸಿ ಕೂರುತ್ತಾರೆ.

“ಇಳಿಯೋ ಮಾರಾಯ, ಗಾಳಿ ಎತ್ಕೊಂಡು ಹೋಗುತ್ತೆ,” ಎನ್ನುತ್ತಾರೆ ಹೆಸ್ಟರ್.

“ನೀನು ನಿನ್ನ ಕೆಲಸ ಮಾಡ್ದೆ ಅಣ್ಣಾ. ಇದು ನನ್ನ ಕೆಲಸ.” ಎಲೈಜಾ ಅಂಗಿಯೊಳಗಿಂದ ಕೈರೇಡಿಯೊ ತೆಗೆದು ಬಾಯಿಯ ಹತ್ತಿರ ಹಿಡಿದು ಇಡೀ ಊರಿಗೆ ಹೇಳುತ್ತಾರೆ. “ನಾನು ಎಲೈಜಾ. ಬಾಗಿಲು ಮುಚ್ಚಿಲ್ಲ. ಬಾಗಿಲು ಅಂದ್ರೆ ಕಂಡಿ ಅಲ್ಲ, ಕಾಯ್ತಾ ಇರೋ ಮನುಷ್ಯ. ನಾನು ಕೂತಿದೀನಿ. ಯಾರಾದ್ರೂ ಟೀ ತನ್ನಿ, ಸಕ್ಕರೆ ಜಾಸ್ತಿ.”

ರೇಡಿಯೊದಲ್ಲಿ ಮೊದಲ ಸಲ ನಗು ಕೇಳುತ್ತದೆ. ಮೂರು ಮನೆಗಳಿಂದ ಟೀ ಬರುತ್ತದೆ.

ಮೂರೂವರೆಗೆ ಬೆಳಕು ಇಳಿಯತೊಡಗಿದಾಗ ರೇಡಿಯೊ ಮತ್ತೆ ಗರಗರ ಎನ್ನುತ್ತದೆ. ವೆಂಡೆಲ್. ಭೂಶಿರ ಸುತ್ತಿ ಬಂದಿದ್ದಾನೆ. ದನಿಯಲ್ಲಿ ದಣಿವಿದೆ. “ಊರು ಕಾಣ್ತಿದೆ. ಬಾಗಿಲು ಕಾಣ್ತಿಲ್ಲ.”

“ದೀಪ ಕಾಣ್ತಿದೆಯಾ?” ಎನ್ನುತ್ತಾರೆ ಹೆಸ್ಟರ್.

“ದೀಪ ಕಾಣ್ತಿದೆ.”

“ದೀಪಕ್ಕೆ ನೇರ ಬಾ.”

“ಚಿಕ್ಕಮ್ಮ, ಅಲ್ಲಿ ಗೋಡೆ ಇದೆ.”

“ಕಟ್ಟಿದವಳು ನಾನು. ನಂಗೊತ್ತಿಲ್ವಾ? ಅಲೆ ಎತ್ತಿದಾಗ ಬಾ, ಎಂಜಿನ್ ನಿಲ್ಲಿಸ್ಬೇಡ.”

ದೋಣಿ ಗಂಜಿಯನ್ನು ಸೀಳಿಕೊಂಡು ಬರುತ್ತದೆ. ಅಲೆಗಳು ಈಗ ಕಂಬಳಿಯಂತಿಲ್ಲ. ಅವುಗಳಿಗೆ ತೂಕ ಬಂದಿದೆ. ಮೊದಲ ಸಲ ದೋಣಿ ಇಳಿಜಾರಿನ ಅರ್ಧಕ್ಕೆ ಏರಿ, ಮುಂದಿದ್ದವನ ಕೈಗೆ ಕೊಕ್ಕೆ ಸಿಗುವ ಮೊದಲೇ ಹಿಂದಕ್ಕೆ ಜಾರಿ ನೀರಿಗೆ ಬೀಳುತ್ತದೆ. ಐಡಾ ಗೋಡೆಯ ನೆತ್ತಿಯ ಮೇಲೆ ಎರಡೂ ಕೈಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ. ಎರಡನೇ ಅಲೆಗೆ ವೆಂಡೆಲ್ ಎಂಜಿನ್ನನ್ನು ಪೂರ್ತಿ ಬಿಡುತ್ತಾನೆ. ದೋಣಿ ಏರುತ್ತದೆ, ಕೊಕ್ಕೆ ಸಿಗುತ್ತದೆ, ಎಲೈಜಾ ದೀಪ ಎತ್ತಿ ಸನ್ನೆ ಮಾಡುತ್ತಾರೆ. ಗೋಡೆಯ ಈಚೆ ಏನೂ ಕಾಣದೆ ಕುಳಿತ ಹೆಸ್ಟರ್ ಆ ಸನ್ನೆಯೊಂದನ್ನೇ ನಂಬಿ ಬುಲ್ಡೋಜರ್ ಹಿಂದಕ್ಕೆ ಬಿಡುತ್ತಾರೆ. ನಿಧಾನವಾಗಿ, ಅಲುಗಿಸದೆ. ದಿಮ್ಮಿ ಕಿರುಗುಟ್ಟುತ್ತದೆ. ಗೋಡೆಯ ನೆತ್ತಿಯಲ್ಲಿ ದೋಣಿಯ ಮೂಗು ಕಾಣಿಸುತ್ತದೆ, ಆಮೇಲೆ ಹೊಟ್ಟೆ, ಆಮೇಲೆ ಒಳಗೆ ಕೂತ ಮೂವರು ಮತ್ತು ಅವರ ಕಾಲ ಬಳಿ ಎರಡು ದೊಡ್ಡ ಸೀಲ್‌ಗಳು.

ಐಡಾ ಗಂಡನ ಎದೆಗೆ ಗುದ್ದುತ್ತಾಳೆ. “ಬೆಳಿಗ್ಗೆ ಇನ್ನೊಂದು ಕಪ್ ಕಾಫಿ ಕುಡಿದಿದ್ರೆ ಮುನ್ಸೂಚನೆ ಕೇಳಿಸ್ಕೊಂಡೇ ಹೋಗ್ತಿದ್ದೆ.”

“ಕಾಫಿ ಮುಗಿದಿತ್ತಲ್ಲೇ,” ಎನ್ನುತ್ತಾನೆ ವೆಂಡೆಲ್.

ಅಪ್ಪಿಕೊಳ್ಳುವುದಕ್ಕೆ ಹೆಸ್ಟರ್ ಹೆಚ್ಚು ಹೊತ್ತು ಕೊಡುವುದಿಲ್ಲ. ದೋಣಿಯ ಅಡಿ ಇಳಿಜಾರನ್ನೂ ನೆತ್ತಿಯನ್ನೂ ಉದ್ದಕ್ಕೆ ಗೀರಿದೆ. ಗೀರು ಮೊಣಕಾಲು ಆಳ. ನೀರು ಮೊದಲು ಹುಡುಕುವುದು ಅದನ್ನೇ. ಹೊಸ ಗಂಜಿ ತುಂಬುವ ಹಾಗಿಲ್ಲ. ಈ ಗಾಳಿಗೆ ಅದು ಗಟ್ಟಿಯಾಗುವುದಿಲ್ಲ. ಹೆಸ್ಟರ್ ಯಂತ್ರವನ್ನು ಸ್ಮಶಾನದ ಕಡೆಯ ತುದಿಗೆ ಓಡಿಸುತ್ತಾರೆ. ಅಲ್ಲಿ ಅಕ್ಟೋಬರ್‌ನಲ್ಲಿ ಕಟ್ಟಿದ ಗೋಡೆ ಬೇಕಾದದ್ದಕ್ಕಿಂತ ಅಗಲವಾಗಿದೆ. ಅದರ ಒಳಮೈಯಿಂದ ಕಲ್ಲಿನಂಥ ಗಡ್ಡೆಗಳನ್ನು ಒಡೆದು ತರುತ್ತಾರೆ. ವೆಂಡೆಲ್ ಮತ್ತು ಗೆಳೆಯರು ಒದ್ದೆ ಬಟ್ಟೆ ಬದಲಿಸಿಕೊಂಡು ಓಡಿ ಬಂದು ಗಡ್ಡೆಗಳನ್ನು ಗೀರಿನೊಳಗೆ ಇಟ್ಟಿಗೆಯಂತೆ ಜೋಡಿಸುತ್ತಾರೆ. ಸಂದುಗಳಿಗೆ ಒಣ ಮರಳು, ಮೇಲೆ ಸಿಹಿನೀರು. ಸುತ್ತಲಿನ ಗಡ್ಡೆಗಳೊಳಗಿನ ಚಳಿಯೇ ಆ ನೀರನ್ನು ಹೆಪ್ಪುಗಟ್ಟಿಸುತ್ತದೆ.

ಹೆಸ್ಟರ್ ಕೊನೆಯದಾಗಿ ಹಿಮ್ಮಡಿಯಿಂದ ಒದೆಯುತ್ತಾರೆ. ಟಣ್.

“ಆರಿಗಾ,” ಎನ್ನುತ್ತಾರೆ ಎಲೈಜಾ. ಚೆನ್ನಾಯಿತು ಎನ್ನುವುದಕ್ಕೆ ಇಲ್ಲಿ ಇರುವುದು ಆ ಒಂದೇ ಮಾತು. ಬಳಿಕ ಕುರ್ಚಿ ಮಡಚಿ, “ಈಗ ಬಾಗಿಲು ಮುಚ್ಚಬಹುದು,” ಎಂದು ಕೆಳಗಿಳಿಯುತ್ತಾರೆ.

ಬಿರುಗಾಳಿ ಸಂಜೆ ಆರರ ನಂತರ ಅಪ್ಪಳಿಸಿತು. ದಕ್ಷಿಣ ತುದಿಯವರೆಲ್ಲ ಶಾಲೆಯಲ್ಲಿ ಮಲಗಿದರು. ಹೆಸ್ಟರ್ ಅವರಿಗೆ ಒಳ್ಳೆಯ ನಿದ್ದೆ ಬಂತು. “ಮಾಡೋದೆಲ್ಲ ಮಾಡಿ ಆಗಿತ್ತು. ಎದ್ದು ಕೂತ್ರೆ ಗೋಡೆ ಗಟ್ಟಿ ಆಗುತ್ತಾ?”

ಬೆಳಿಗ್ಗೆ ಗಾಳಿ ಉತ್ತರಕ್ಕೆ ತಿರುಗಿ ಚಳಿ ಮರಳಿದೆ. ದಂಡೆಯ ಮುಂಭಾಗದ ಮರಳನ್ನು ಕಡಲು ದೊಡ್ಡ ಪ್ರಮಾಣದಲ್ಲಿ ಎಳೆದುಕೊಂಡು ಹೋಗಿದೆ. ನಿನ್ನೆ ನಡೆಯಬಹುದಾಗಿದ್ದ ಕಡೆ ಇವತ್ತು ನೀರಿದೆ. ಗೋಡೆ ಮಾತ್ರ ನಿಂತಿದೆ. ರಾತ್ರಿಯಿಡೀ ಅಲೆಗಳು ಎರಚಿದ ನೀರು, ಮರಳು, ಗಂಜಿ ಎಲ್ಲ ಅದರ ಮೈಮೇಲೆ ಹೆಪ್ಪುಗಟ್ಟಿ ನೆತ್ತಿ ಇನ್ನೂ ಒಂದು ಗೇಣು ಎತ್ತರವಾಗಿದೆ. ಎಲೈಜಾ ಕಣಜದ ಮುಚ್ಚಳ ಎತ್ತಿ ತಲೆ ಒಳಗೆ ಹಾಕಿ ನೋಡುತ್ತಾರೆ. ಒಣಗಿದೆ. ಮುಚ್ಚಳ ಹಾಕಿ, ಮಫ್ಲರ್ ಸರಿಮಾಡಿಕೊಳ್ಳುತ್ತಾರೆ.

ಜೂನ್‌ನಲ್ಲಿ ಈ ಗೋಡೆ ಇರುವುದಿಲ್ಲ. ಒಳಗಿನ ಐಸು ಕರಗಿ, ಮರಳು ಕುಸಿದು, ದಂಡೆಯ ತುಂಬ ಗುಂಡಿಗಳು ಬೀಳುತ್ತವೆ. ಮಕ್ಕಳು ಆ ಗುಂಡಿಗಳಲ್ಲಿ ನೀರಾಟ ಆಡುತ್ತಾರೆ. ಜುಲೈ ಹೊತ್ತಿಗೆ ಗುಂಡಿಯೂ ಇಲ್ಲ. ಹದಿನೈದು ವರ್ಷ ದುಡಿದದ್ದಕ್ಕೆ ತೋರಿಸಲು ಏನೂ ಉಳಿಯುವುದಿಲ್ಲವಲ್ಲ ಎಂಬ ಮಾತು ಹೆಸ್ಟರ್ ಅವರಿಗೆ ಅರ್ಥವೇ ಆಗುವುದಿಲ್ಲ. “ಉಳಿದ್ರೆ ಕಷ್ಟ. ಬೇಸಿಗೇಲಿ ಮೀನಿನ ಬಲೆ ಎಲ್ಲಿ ಹಾಕೋದು?”

ಎಲೈಜಾ ಮನೆಯೊಳಗೆ ಹೋದ ಸ್ವಲ್ಪ ಹೊತ್ತಿಗೆ ವೆಂಡೆಲ್ ಸ್ಲೆಡ್ ಎಳೆದುಕೊಂಡು ಬರುತ್ತಾನೆ. ಅದರಲ್ಲಿ ಮಾಂಸವಿದೆ. ಬೇಟೆಯ ಪಾಲು ಇಲ್ಲಿ ದೋಣಿಯಲ್ಲಿ ಇದ್ದವರಿಗೆ ಒಂದು ಲೆಕ್ಕ, ದಂಡೆಯಲ್ಲಿ ನೆರವಾದವರಿಗೆ ಇನ್ನೊಂದು ಲೆಕ್ಕ. ಅವನು ತಂದದ್ದು ದೋಣಿಯವರ ಪಾಲು, ಪಕ್ಕೆಯ ಸಮೇತ. ಹೆಸ್ಟರ್ ನೋಡುತ್ತಾರೆ.

“ನಾನು ದೋಣಿ ಹತ್ತಿಲ್ಲ ಕಣೋ.”

“ದೋಣಿ ನಿಮ್ಮ ಮೇಲೆ ಹತ್ತಿತಲ್ಲ. ತಗೊಳ್ಳಿ ಚಿಕ್ಕಮ್ಮ, ನಾವು ಮೂವರೂ ಕೂತು ಮಾತಾಡಿದ್ದು ಇದು.”

ಹೆಸ್ಟರ್ ಮಾಂಸವನ್ನು ಬುಲ್ಡೋಜರ್‌ನ ಮೆಟ್ಟಿಲ ಮೇಲೆ ಇಡುತ್ತಾರೆ. ಒಂದು ಪಕ್ಕೆಯನ್ನು ಬೇರೆ ಮಾಡಿ ತಮ್ಮನ ಮನೆಗೆ ಎಂದು ಪಕ್ಕಕ್ಕಿಡುತ್ತಾರೆ. ಕೈ ಒರೆಸಿಕೊಂಡು ಕೇಳುತ್ತಾರೆ. “ಗೋಡೆ ನೋಡ್ದೆಯಾ?”

“ನೋಡ್ದೆ. ಗಟ್ಟಿ ಇದೆ.”

“ನಿನ್ನ ದೋಣಿ ಹತ್ತಿದ್ದು ಎಲ್ಲಿ, ತೋರ್ಸು ನೋಡೋಣ.”

ವೆಂಡೆಲ್ ನಗುತ್ತಾ ಗೋಡೆ ಹತ್ತುತ್ತಾನೆ. ಇಪ್ಪತ್ತು ವರ್ಷ ಈ ದಂಡೆಯಿಂದಲೇ ದೋಣಿ ಇಳಿಸಿದವನು. ನೆತ್ತಿಯ ಮೇಲೆ ನಡೆದು ಒಂದು ಕಡೆ ನಿಂತು ಹಿಮ್ಮಡಿಯಿಂದ ಒದೆಯುತ್ತಾನೆ. “ಇಲ್ಲಿ.”

“ಅಲ್ಲ.”

ನಾಲ್ಕು ಹೆಜ್ಜೆ ಸರಿದು ಬಗ್ಗಿ, ಗವಸಿನಿಂದ ಮೇಲಿನ ಪುಡಿ ಹಿಮ ಉಜ್ಜಿ ನೋಡುತ್ತಾನೆ. “ಇಲ್ಲಿ?”

“ಅದು ಹೋದ ವಾರ ಕಟ್ಟಿದ್ದು.”

ಅವನು ಇನ್ನೆರಡು ಕಡೆ ಒದೆಯುತ್ತಾನೆ. ಎಲ್ಲ ಕಡೆಯೂ ಒಂದೇ ಸದ್ದು. ಎಲೈಜಾ ಕಿಟಕಿಯೊಳಗಿಂದ ಇಬ್ಬರನ್ನೂ ನೋಡುತ್ತಾ ಏನನ್ನೋ ಅಗಿಯುತ್ತಿದ್ದಾರೆ. ಕೊನೆಗೆ ವೆಂಡೆಲ್ ನೆಟ್ಟಗೆ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಳ್ಳುತ್ತಾನೆ.

“ಸೋತೆ. ನೀವೇ ಹೇಳಿ.”

ಹೆಸ್ಟರ್ ಆಗಲೇ ಬುಲ್ಡೋಜರ್ ಹತ್ತಿ ಎಂಜಿನ್ ಬಿಸಿಯಾಗಲು ಬಿಟ್ಟಿದ್ದಾರೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳುತ್ತಾರೆ.

“ನಾನ್ಯಾಕೆ ಹೇಳ್ಲಿ? ಕಡಲಿಗೂ ಗೊತ್ತಾಗ್ಬಾರ್ದು ಅಂತ ತಾನೇ ಅಷ್ಟು ಕಷ್ಟಪಟ್ಟಿದ್ದು.”